ಗಾದಿಯ ಕೆಳಗಿನ ಕಾರ್ಪೆಟ್ಟು

೧೯೯೪ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆ ಮುಗಿದಿತ್ತು, ಪಾಸೂ ಆಗಿದ್ದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಲಕ್ಷ್ಮೇಶ್ವರದ ಬಜಾರಿನಲ್ಲಿ ಗಾದಿ ಮಾಡುತ್ತಿದ್ದ. ನಾವು ಪಿಂಜಾರರು, ಹತ್ತಿ ಹಿಂಜುವವರು. ಮುಸಲ್ಮಾನರಾದರೂ ಮನೆಮಾತು ಕನ್ನಡವೇ. ಆ ವರ್ಷ ಹತ್ತಿಯ ಧೂಳಿಗೆ ಅಪ್ಪನಿಗೆ ಉಬ್ಬಸ ಹತ್ತಿತು, ಹಿಂಜುವ ಬಿಲ್ಲು ನನ್ನ ಕೈಗೆ ಬಂತು. ಅಲ್ಲಿಂದ ಹುಬ್ಬಳ್ಳಿ, ಮುಂಬೈ, ದುಬೈ, ಆಮೇಲೆ ಈ ನ್ಯೂಜಿಲೆಂಡಿನ ಲೋವರ್ ಹಟ್. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಸೂಜಿ ಇಲ್ಲದ ಕಾಲ ಅಂದರೆ ಒಂದೂವರೆ ವರ್ಷ ಮಾತ್ರ. ಆ ಒಂದೂವರೆ ವರ್ಷದ ದೆಸೆಯಿಂದಲೇ ನಮಗೆ ಸರ್ಕಾರದ ಬಾಡಿಗೆ ಮನೆ ಸಿಕ್ಕಿದ್ದು. ಆ ಮನೆ ಬಿಟ್ಟ ಚಳಿಗಾಲದ ಮಾತು ಇದು.

ಹೋದ ತಿಂಗಳು ಒಂದು ಸೋಫಾಕ್ಕೆ ಹೊಸ ಬಟ್ಟೆ ಹಾಕಿ ಮುಟ್ಟಿಸಲು ಅದೇ ಓಣಿಗೆ ಹೋಗಿದ್ದೆ. ಎರಡು ದಿನದಿಂದ ಮಳೆ, ದಕ್ಷಿಣದ ಗಾಳಿ. ಆ ಮನೆಯ ಹೆಂಗಸು ಬಾಗಿಲು ತೆರೆದಳು ನೋಡಿ, ಒಳಗಿಂದ ಒದ್ದೆ ಕಾರ್ಪೆಟ್ಟಿನ ವಾಸನೆ ಬಂತು. ಇಲ್ಲಿಯ ಕಾರ್ಪೆಟ್ಟು ಕುರಿ ಉಣ್ಣೆಯದು. ಒದ್ದೆಯಾದರೆ ನಮ್ಮೂರ ಕುರುಬರ ಕಂಬಳಿ ಶ್ರಾವಣದ ಜಿಟಿಜಿಟಿಯಲ್ಲಿ ನಾರುತ್ತದಲ್ಲ, ಥೇಟ್ ಅದೇ ವಾಸನೆ. ಸೋಫಾದ ಒಂದು ತುದಿ ಹಿಡಿದುಕೊಂಡೇ ನಿಂತುಬಿಟ್ಟೆ. "ಆರ್ ಯು ಓಕೆ?" ಅಂದಳು ಆಕೆ. ಸೊಂಟ ಹಿಡೀತು ಅಂತ ಸುಳ್ಳು ಹೇಳಿದೆ. ವ್ಯಾನು ತಿರುಗಿಸಿಕೊಂಡು ಬರುವಾಗ ನಾಲ್ಕು ಮನೆ ದಾಟಿ ನಮ್ಮ ಹಳೇ ಮನೆ ಕಂಡಿತು. ಬೇಲಿಗೆ ಎರಡು ಸಣ್ಣ ಸೈಕಲ್ಲು ಒರಗಿದ್ದವು. ನಿಲ್ಲಿಸಲಿಲ್ಲ.

ಕಟ್ಟಿಗೆಯ ಮನೆ ಅದು. ಮೂರು ಕೋಣೆ, ತಗಡಿನ ಮಾಡು, ಹಿಂದೆ ರೈಲ್ವೆ ಹಳಿ. ವೆಲ್ಲಿಂಗ್ಟನ್ನಿಗೆ ಹೋಗುವ ಮೊದಲ ರೈಲು ಹೋದಾಗ ಅಡಿಗೆಮನೆಯ ಲೋಟಗಳು ಸಣ್ಣಗೆ ಮಾತಾಡುತ್ತಿದ್ದವು. ನಮಗೆ ಅದೇ ಅಲಾರಾಂ. ಫ್ಯಾಕ್ಟರಿಯಲ್ಲಿ ಸೋಫಾ ಎತ್ತುವಾಗ ನನ್ನ ಬೆನ್ನಿನ ಬಿಲ್ಲೆ ಸರಿದು ಮಲಗಿದವನು ಏಳಲಾರದೆ ಹೋದಾಗ, ಆಗಿದ್ದ ಬಾಡಿಗೆ ಮನೆಯ ಮಾಲೀಕರು ಮನೆ ಮಾರಿದರು. ಆಗ ಸರ್ಕಾರದ ಹೌಸಿಂಗ್‌ನವರು ಈ ಮನೆ ಕೊಟ್ಟರು. ಬಾಡಿಗೆ ನಮ್ಮ ಗಳಿಕೆ ನೋಡಿ ಇಡುತ್ತಿದ್ದರು. ಒಳಗೆ ಕಾಲಿಟ್ಟ ದಿನ ನನ್ನ ಹೆಂಡತಿ ಹಸೀನಾ ಒಂದೊಂದೇ ಬಾಗಿಲು ತೆರೆದು ಮುಚ್ಚಿ ನೋಡಿದಳು. ನಾನು ಮಾತ್ರ ಆ ಮನೆಗೆ ತಲೆ ತಗ್ಗಿಸಿಕೊಂಡೇ ಹೊಕ್ಕವನು. ಊರಿಗೆ ಫೋನ್ ಮಾಡಿದಾಗ, ಕನ್ನಡ ಕೂಟದವರು ಕೇಳಿದಾಗ, "ಫ್ಯಾಕ್ಟರಿಯವರು ಕೊಟ್ಟ ಮನಿರೀ" ಅನ್ನುತ್ತಿದ್ದೆ. ದುಡಿದು ತಿನ್ನುವವನಿಗೆ ಸರ್ಕಾರದ ಮನೆ ಅಂದರೆ ಆಸ್ಪತ್ರೆಯ ಮಂಚ ಇದ್ದಂತೆ. ಗುಣ ಆದ ಮೇಲೆ ಎದ್ದು ಹೋಗಬೇಕು ಅಂತ ನನ್ನ ಲೆಕ್ಕ.

ಗುಣವೂ ಆಯಿತು. ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದೆ. ಆದರೆ ಮನೆ ಬಿಟ್ಟು ಹೋಗುವುದು ಅಂದಷ್ಟು ಸುಲಭ ಇರಲಿಲ್ಲ. ಆರು ವರ್ಷ ಕಳೆದವು. ಹಸೀನಾ ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ, ಬಳ್ಳೊಳ್ಳಿ ಹಾಕಿದಳು. ಮಗಳು ಮುಬೀನಾ ದೊಡ್ಡ ಶಾಲೆಗೆ ಹೋದಳು. ಮಗ ಅಯಾನ್ ನಡೆಯಲು ಕಲಿತದ್ದು ಆ ಮನೆಯ ಅಂಗಳದಲ್ಲಿ. ಚಳಿಗಾಲದ ಬೆಳಿಗ್ಗೆ ಕಿಟಕಿಗಳು ಒಳಗಿನಿಂದ ಬೆವರುತ್ತಿದ್ದವು. ಮಕ್ಕಳಿಬ್ಬರೂ ಹಳೇ ಪಂಜೆಯ ತುಂಡು ಹಿಡಿದು ಒಂದೊಂದು ಕೋಣೆ ಹಂಚಿಕೊಂಡು ಒರೆಸುತ್ತಿದ್ದರು. ಯಾರ ಬಟ್ಟೆಯಿಂದ ಹೆಚ್ಚು ನೀರು ಬಂತು ಅಂತ ಅವರ ನಡುವೆ ಪಂದ್ಯ. ಇವತ್ತಿಗೂ ಒರೆಸಿದ ಕಿಟಕಿಯಾಚೆ ಗುಡ್ಡದ ಮೇಲೆ ಬಿಸಿಲು ಬಿದ್ದರೆ ನನಗೆ ಆ ಮನೆಯದೇ ಬೆಳಗು.

ಬಿಡುವ ಮನಸ್ಸು ಗಟ್ಟಿಯಾದದ್ದು ಸಿಯೋನೆಯಿಂದ. ಸಿಯೋನೆ ಟೋಂಗಾ ದೇಶದವನು, ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದ. ಒಂದು ಸಂಜೆ ಮಳೆ ಅಂತ ಅವನನ್ನು ವ್ಯಾನಿನಲ್ಲಿ ಬಿಡಲು ಹೋದೆ. ಹೋದದ್ದು ಮೋಟೆಲ್ಲಿಗೆ, ಮನೆ ಸಿಗುವ ತನಕ ಸರ್ಕಾರ ಇರಿಸುವ ಜಾಗಕ್ಕೆ. ಹೆಂಡತಿ, ಮೂರು ಮಕ್ಕಳು, ಒಂದೇ ಕೋಣೆ. ಸರ್ಕಾರದ ಮನೆಗೆ ಹೆಸರು ಬರೆಸಿ ಐದು ತಿಂಗಳಾಗಿತ್ತಂತೆ. ದೊಡ್ಡ ಹುಡುಗಿ ಇಸ್ತ್ರಿ ಹಲಗೆಯ ಮೇಲೆ ಪುಸ್ತಕ ಇಟ್ಟುಕೊಂಡು ನಿಂತೇ ಲೆಕ್ಕ ಮಾಡುತ್ತಿದ್ದಳು. ನಾನು ಬಿಟ್ಟ ಮನೆ ಅವನಿಗೇ ಸಿಗುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಮನೆಗೆ ಬಂದು ಊಟಕ್ಕೆ ಕೂತವನು ರೊಟ್ಟಿ ಮುರಿಯುವ ಮೊದಲೇ ಮಾತು ತೆಗೆದೆ.

"ನಾವು ಮನಿ ಬಿಡೂಣು," ಅಂದೆ.

ಹಸೀನಾ ಪಲ್ಯ ಬಡಿಸುವ ಕೈ ನಿಲ್ಲಿಸಿದಳು. "ಯಾರರ ಬಿಡ್ರಿ ಅಂದಾರೇನು?"

"ಇಲ್ಲ."

"ಮತ್ತ? ಬಿಡಂತ ಯಾರೂ ಅನ್ನದ ಮನಿ ಬಿಟ್ಟು ಹೋಗೋ ಶಾಣ್ಯಾನ ನಾ ಇವತ್ತ ನೋಡಿದೆ. ಬೆನ್ನು ಮತ್ತ ಹೋತಂದ್ರ ಯಾರ ಬಾಗ್ಲಾ ಬಡೀತೀರಿ?"

"ಹೋಗೂದಿಲ್ಲ."

"ಬೆನ್ನಿಗೆ ಹೇಳ್ರಿ ಅದನ್ನ, ನನಗಲ್ಲ."

ಎರಡು ತಿಂಗಳು ಹೀಗೇ ನಡೆಯಿತು. ಕೊನೆಗೆ ಅವಳೇ ಸೋತಳೋ, ನನ್ನ ಮುಖ ನೋಡಿ ಬೇಸತ್ತಳೋ, ಒಬ್ಬ ಏಜೆಂಟನ ಮೂಲಕ ಎರಡು ಕೋಣೆಯ ಮನೆ ನೋಡಿಕೊಂಡು ಬಂದೆವು. ಏಜೆಂಟ ಹೇಳಿದ್ದು ಒಂದೇ ಮಾತು: ಈಗಿನ ಮನೆಯವರಿಂದ ನಿಮ್ಮ ಬಗ್ಗೆ ಒಂದು ಒಳ್ಳೆಯ ಪತ್ರ ತನ್ನಿ, ಮನೆ ನಿಮ್ಮದು. ಪತ್ರ ಬರುವುದು ಮನೆ ಖಾಲಿ ಮಾಡುವ ಮುಂಚಿನ ತಪಾಸಣೆ ಆದ ಮೇಲೆ. ಇತ್ತ ಹಳೇ ಮನೆಗೆ ಮೂರು ವಾರ ಮುಂಚೆ ನೋಟೀಸು ಬರೆದು ಕೊಡಬೇಕು. ಅದನ್ನು ಬರೆದವರು ಪ್ರಕಾಶ್ ಸರ್. ಮೈಸೂರಿನವರು, ವೆಲ್ಲಿಂಗ್ಟನ್ನಿನಲ್ಲಿ ಕಂಪ್ಯೂಟರಿನ ಕೆಲಸ. ಅವರ ಮನೆಯ ಸೋಫಾ ಹೊಲಿದ ದಿನದಿಂದ ನನ್ನ ಇಂಗ್ಲಿಷ್ ಕಾಗದಗಳೆಲ್ಲ ಅವರದೇ. ವಿಳಾಸದ ಜಾಗದಲ್ಲಿ ಹೌಸಿಂಗ್‌ನವರ ಹೆಸರು ಹೇಳಿದಾಗ ಅವರ ಬೆರಳು ನಿಂತಿತು.

"ಫ್ಯಾಕ್ಟರಿ ಮನೆ ಅಂದಿದ್ರಿ?"

"ಸುಳ್ಳು ಹೇಳಿದ್ದೆ ಸರ್."

"ಆರು ವರ್ಷಾನಾ?" ಅಂದು ನಕ್ಕರು. "ರೀ ಮಕ್ತುಮ್, ಇದರಲ್ಲಿ ಮುಚ್ಚಿಡೋಕೆ ಏನಿದೆ? ಸರಿ, ಸಹಿ ಹಾಕಿ."

ಸಹಿ ಹಾಕಿದೆ. ಮಾರನೇ ದಿನ ಶನಿವಾರ, ಕೆಲಸಕ್ಕೆ ರಜೆ ಹಾಕಿದ್ದೆ. ಸಾಮಾನು ಕಟ್ಟಲು ಶುರು ಮಾಡಿ ನಮ್ಮ ಕೋಣೆಯ ಗಾದಿ ಸುತ್ತಿದೆ.

ಇಲ್ಲಿ ಗಾದಿಯ ಮಾತು ಹೇಳಬೇಕು. ಪಿಂಜಾರನ ಮಗ ಸ್ಪಂಜಿನ ಮೇಲೆ ಮಲಗುವುದೇ? ಬೆನ್ನು ಬಿದ್ದಾಗ ಡಾಕ್ಟರು ಗಟ್ಟಿ ನೆಲದ ಮೇಲೆ ಮಲಗು ಅಂದಿದ್ದರು. ಮತ್ತೆ ಕೆಲಸಕ್ಕೆ ಹೋದ ಮೇಲೆ ಫ್ಯಾಕ್ಟರಿಯಲ್ಲಿ ಉಳಿದ ಹತ್ತಿ ತಂದು, ಹಿಂಜಿ, ಊರಿಂದ ತಂದಿದ್ದ ಪಟ್ಟೆಪಟ್ಟೆ ಬಟ್ಟೆಯಲ್ಲಿ ತುಂಬಿ, ದಬ್ಬಣ ಹಿಡಿದು ನಾನೇ ಹೊಲಿದ ಗಾದಿ. ಮಂಚ ಇಲ್ಲ, ಕಾರ್ಪೆಟ್ಟಿನ ಮೇಲೇ ಹಾಸಿಗೆ. ಊರಲ್ಲಿ ಶಹಾಬಾದ್ ಕಲ್ಲಿನ ಮೇಲೆ ಹಾಸಿ, ವಾರಕ್ಕೊಮ್ಮೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದರೆ ಗಾದಿ ಒಂದು ಜನ್ಮ ಬಾಳುತ್ತದೆ. ಇಲ್ಲಿ ಬೇಸಿಗೆಯಲ್ಲಿ ಬೇಲಿಯ ಮೇಲೆ ಒಣಗಿಸುತ್ತಿದ್ದೆವು. ಚಳಿಗಾಲದಲ್ಲಿ ಎಲ್ಲಿಯ ಬಿಸಿಲು? ಕಡೆಯ ಎರಡು ವರ್ಷ ನಾನು ಶನಿವಾರವೂ ಕೆಲಸಕ್ಕೆ ಹೋಗಿ, ಬೇಸಿಗೆಯಲ್ಲೂ ಗಾದಿ ಎತ್ತಿರಲಿಲ್ಲ. ಹಸೀನಾಳ ಕೈಯಲ್ಲಿ ಏಳುವಷ್ಟು ಹಗುರ ಅಲ್ಲ ಅದು.

ಸುತ್ತಿದರೆ ಕೆಳಗೆ ಕಾರ್ಪೆಟ್ಟು ಕಪ್ಪಾಗಿತ್ತು. ನಾನು ಮಲಗುವ ಮಗ್ಗುಲಿನಲ್ಲಿ, ಒಂದು ತಲೆದಿಂಬಿನಷ್ಟು ಅಗಲ. ನಮ್ಮ ಮೈ ಬಿಸಿ ಮೇಲೆ, ನೆಲದ ಥಂಡಿ ಕೆಳಗೆ, ನಡುವೆ ನೀರಾಡಿ ಬೂಷ್ಟು ಹಿಡಿದಿತ್ತು. ಬೆರಳಿನಿಂದ ಎಳೆದರೆ ಉಣ್ಣೆ ಕಿತ್ತು ಬಂತು. ಕಂಬಳಿ ವಾಸನೆ ಕೋಣೆ ತುಂಬಿತು.

ಹಸೀನಾ ಬಾಗಿಲಲ್ಲಿ ನಿಂತು ಸೆರಗು ಮೂಗಿಗೆ ಹಿಡಿದಳು. "ಈಗ ಪತ್ರ ಹೆಂಗ ಬರ್ತದ?"

ಇಲ್ಲಿ ನೋಟೀಸು ಕೊಟ್ಟಾಗಿದೆ. ಅಲ್ಲಿ ಪತ್ರವಿಲ್ಲದೆ ಮನೆ ಇಲ್ಲ. ನಾಲ್ಕು ಜನ ನಡುವೆ ನಿಂತಿದ್ದೆವು. ಬೇರೆ ಯಾರ ಮನೆಯ ಕಾರ್ಪೆಟ್ಟೋ ಆಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಗಾದಿ ಮಾಡುವವನ ಗಾದಿಯೇ ಮನೆ ಕೆಡಿಸಿದೆ ಅಂದರೆ!

ಪ್ರಕಾಶ್ ಸರ್‌ಗೆ ಫೋನ್ ಮಾಡಿದೆ. "ಕಾರ್ಪೆಟ್ ರಿಪೇರಿ ಮಾಡೋಕಾಗಲ್ವಾ ನಿಮ್ಮ ಕೈಲಿ?" ಅಂದರು.

"ಆಗ್ತದ ಸರ್. ಆದ್ರ ಕೇಳದ ಏನೂ ಮಾಡೂಹಂಗಿಲ್ಲ ಅಂತ ಕರಾರಿನಾಗ ಐತಿ."

"ಕೇಳಿದ್ರೆ ತೋರ್ಸಬೇಕಾಗುತ್ತೆ. ಮಾಡಿಬಿಡಿ. ಕೈಮುಗೀತೀನಿ, ಇನ್‌ಸ್ಪೆಕ್ಷನ್ ದಿನ ಮಾತ್ರ ಬಾಯಿ ಬಿಡ್ಬೇಡಿ."

ಗೋಡೆಯೊಳಗಿನ ಕಪಾಟಿನ ತಳಕ್ಕೂ ಅದೇ ಕಾರ್ಪೆಟ್ಟು ಹಾಸಿದ್ದರು. ಅದರ ಹಿಂಭಾಗದಿಂದ ಅಷ್ಟೇ ಅಳತೆಯ ತುಂಡು ಕತ್ತರಿಸಿದೆ. ಕಪಾಟಿನ ಆ ಜಾಗಕ್ಕೆ ಅಂಗಡಿಯಿಂದ ಹೊಂದುವ ಬಣ್ಣದ ತುಂಡು ತಂದು ಕೂರಿಸಿದೆ. ಕೆಟ್ಟದ್ದನ್ನು ಎಬ್ಬಿಸಿ, ಕೆಳಗಿನ ಹಲಗೆಯನ್ನು ವಿನೆಗರಿನಿಂದ ತೊಳೆದು, ಮೂರು ದಿನ ಹೀಟರ್ ಇಟ್ಟು ಒಣಗಿಸಿದೆ. ಹಲಗೆ ಗಟ್ಟಿ ಇತ್ತು, ದೇವರು ದೊಡ್ಡವನು. ಆಮೇಲೆ ತುಂಡನ್ನು ಉಣ್ಣೆಯ ಎಳೆ ಯಾವ ದಿಕ್ಕಿಗೆ ಬಾಗಿದೆ ನೋಡಿ ಕೂರಿಸಿ, ಸೊಟ್ಟ ಸೂಜಿಯಲ್ಲಿ ಅಡಿಯಿಂದ ಹೊಲಿದೆ. ಒಂದು ಹೊಲಿಗೆಯೂ ಮೇಲೆ ಬರಬಾರದು. ಎಳೆ ಎಳೆ ಬಾಚಿ ಎರಡೂ ಕಡೆ ಕೂಡಿಸಬೇಕು. ಮೊಣಕಾಲ ಮೇಲೆ ಕೂತು ಎರಡು ರಜೆ ದಿನ ಪೂರಾ ಹಿಡಿಯಿತು. ಮೂವತ್ತು ವರ್ಷದಲ್ಲಿ ನಾನು ಹಾಕಿದ ಒಳ್ಳೇ ಹೊಲಿಗೆ ಯಾವುದು ಅಂದರೆ ಅದೇ.

ಒಂದೇ ಕೊರತೆ. ಕಪಾಟಿನದು ಯಾರೂ ತುಳಿಯದ ಉಣ್ಣೆ, ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಮನೆಯವರಿಗೆಲ್ಲ ಹುಕುಂ ಮಾಡಿದೆ: ಬೂಟು ಹಾಕಿಕೊಂಡು ಅದರ ಮೇಲೆ ಓಡಾಡಿ. ಹುಟ್ಟಿದಾಗಿನಿಂದ ಮನೆಯೊಳಗೆ ಚಪ್ಪಲಿ ತಂದರೆ ಬೈಸಿಕೊಂಡ ಮಕ್ಕಳು ನನ್ನ ಮುಖವನ್ನೇ ನೋಡಿದವು.

"ಸೀರಿಯಸ್ಲೀ, ಅಪ್ಪ?" ಅಂದಳು ಮುಬೀನಾ.

"ತುಳೀರಿ ಅಂದ್ನೆಲ್ಲ!"

ಅಯಾನ್ ರಗ್ಬಿ ಬೂಟು ತರಲು ಓಡಿದ. ಅದು ಬೇಡ ಅಂತ ಹಿಡಿದು ನಿಲ್ಲಿಸಿದೆ. ಶಾಲೆಯಿಂದ ಬಂದು ಇಬ್ಬರೂ ಆ ತಲೆದಿಂಬಿನಷ್ಟು ಜಾಗದಲ್ಲಿ ಕುಣಿದರು. ಹಸೀನಾ ಮೊದಲು ಮುಖ ತಿರುಗಿಸಿಕೊಂಡು ಹೋದವಳು, ಆಮೇಲೆ ಅಂಗಳದ ಚಪ್ಪಲಿ ಮೆಟ್ಟಿ ಬಂದು ಕೋಪದಿಂದ ನಾಲ್ಕು ಸಲ ತುಳಿದಳು. "ಇದು ನಿಮ್ಮ ತೆಲಿ ಅಂತ ತಿಳಕೊಂಡೀನಿ," ಅಂದಳು. ಎಷ್ಟೋ ದಿನದ ಮೇಲೆ ಎಲ್ಲರೂ ಸೇರಿ ನಕ್ಕೆವು. ಆ ಮನೆಯಲ್ಲಿ ನಕ್ಕ ಕಡೆಯ ನಗು ಅದೇ ಇರಬೇಕು.

ತಪಾಸಣೆಗೆ ಬಂದವಳು ಲೋಸಾ. ಸಮೋವಾ ಮೂಲದ ಹೆಂಗಸು, ಹೌಸಿಂಗ್ ಆಫೀಸಿನಿಂದ ವರ್ಷಕ್ಕೆರಡು ಸಲ ಬರುತ್ತಿದ್ದವಳು. ಹಸೀನಾಳ ಮೆಂತ್ಯದ ಚಪಾತಿ ತಿಂದು ಹೋಗುತ್ತಿದ್ದಳು. ಕಿಟಕಿ ನೋಡಿದಳು, ಒಲೆ ನೋಡಿದಳು, ಬಚ್ಚಲ ಗೋಡೆ ಮುಟ್ಟಿ ನೋಡಿದಳು. ಎಲ್ಲ ಹಸೀನಾ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದಳು. ಕಡೆಗೆ ನಮ್ಮ ಕೋಣೆಗೆ ಬಂದು, ಸರಿಯಾಗಿ ಆ ತುಂಡಿನ ಮೇಲೇ ನಿಂತು, ಟ್ಯಾಬ್ಲೆಟ್ಟಿನಲ್ಲಿ ಬೆರಳಾಡಿಸಿದಳು. ಕೆಳಗೆ ನೋಡಿದಳು. ಕಪಾಟು ತೆಗೆದು ಮುಚ್ಚಿದಳು. ಮತ್ತೆ ಬಂದು ಅಲ್ಲೇ ನಿಂತಳು.

"ಬ್ಯೂಟಿಫುಲ್," ಅಂದಳು. "ಮಿಸ್ಟರ್ ನದಾಫ್, ಎಲ್ಲರೂ ನಿಮ್ಮ ಹಾಗೆ ಮನೆ ಇಟ್ಟುಕೊಂಡರೆ ನನಗೆ ಕೆಲಸವೇ ಇರೋದಿಲ್ಲ. ಪತ್ರ ನಾಳೆ ಕಳಿಸ್ತೀನಿ."

ಮುಗಿಯಿತು. ಹಸೀನಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಲೋಸಾ ಬಾಗಿಲ ಕಡೆ ತಿರುಗಿದಳು. ಆಗ ನನ್ನ ಬಾಯಿ ತಾನೇ ತೆರೆಯಿತು.

"ನೀವು ನಿಂತಿದ್ದ ಜಾಗದಲ್ಲಿ ಒಂದು ಹೊಲಿಗೆ ಇದೆ. ಕಾಣಿಸ್ತಾ?"

ಇದನ್ನು ಯಾರೂ ಪ್ರಾಮಾಣಿಕತೆ ಅಂತ ತಿಳಿಯಬಾರದು. ಅಷ್ಟು ಒಳ್ಳೆಯ ಕೆಲಸ ಮಾಡಿ, ಒಬ್ಬರ ಕಣ್ಣಿಗೂ ಬೀಳದೆ ಹೋಗುವುದು ನನ್ನಿಂದ ತಡೆಯಲಾಗಲಿಲ್ಲ. ಅದು ಸೊಕ್ಕು. ಹಸೀನಾ ಪಕ್ಕದಿಂದ ಕನ್ನಡದಲ್ಲಿ ಗಟ್ಟಿಯಾಗಿ ಅಂದಳು: "ಹೋತು. ಮನಿ ಹೋತು."

ಲೋಸಾ ಬಗ್ಗಿದಳು, ಮೊಣಕಾಲೂರಿದಳು, ಅಂಗೈ ಸವರಿದಳು. ಸಿಗಲಿಲ್ಲ. ನಾನು ಉಣ್ಣೆ ಬಿಡಿಸಿ ಅಂಚು ತೋರಿಸಿದೆ. ಗಾದಿಯ ಕಥೆಯನ್ನೂ ಹೇಳಿದೆ. ಆಕೆ ನೆಲದ ಮೇಲೇ ಕೂತು ಆ ಅಂಚನ್ನು ಮತ್ತೆ ಸವರಿದಳು.

"ನಮ್ಮಮ್ಮ ಊರಿಂದ ತಂದ ಚಾಪೆಗಳೂ ಇಲ್ಲಿಯ ನೆಲದ ಮೇಲೆ ಹೀಗೇ ಕೊಳೆತವು," ಅಂದಳು. "ನೀವು ಸುಮ್ಮನೆ ಇದ್ದಿದ್ದರೆ ನಾನು ಹೋಗ್ತಿದ್ದೆ. ಈಗ ಗೊತ್ತಾಗಿದೆ, ಬರೀಲೇಬೇಕು."

"ಬರೀರಿ," ಅಂದೆ.

ಮಾರನೇ ದಿನ ಪತ್ರ ಬಂತು. ಮುಬೀನಾ ಓದಿ ಹೇಳಿದಳು. ಆರು ವರ್ಷ ಬಾಡಿಗೆ ಒಮ್ಮೆಯೂ ತಡವಾಗಿಲ್ಲ, ಮನೆ ಸ್ವಚ್ಛ. ಹಾಸಿಗೆಯನ್ನು ನೆಲದ ಮೇಲಿಟ್ಟದ್ದರಿಂದ ಕಾರ್ಪೆಟ್ಟಿನ ಒಂದು ಭಾಗ ಕೆಟ್ಟಿತ್ತು. ಬಾಡಿಗೆದಾರರು ಅನುಮತಿ ಕೇಳದೆ ತಾವೇ ಸರಿಪಡಿಸಿದರು, ತಾವೇ ನಮಗೆ ತಿಳಿಸಿದರು. ಕೊನೆಯಲ್ಲಿ ಒಂದು ಸಾಲು: ತೋರಿಸಿದ ಮೇಲೂ ಆ ಜೋಡಣೆ ನನ್ನ ಕಣ್ಣಿಗೆ ಬೀಳುವುದು ಕಷ್ಟವಾಯಿತು.

ಏಜೆಂಟ ಅಷ್ಟು ದೂರ ಓದಲಿಲ್ಲ ಅಂತ ಕಾಣುತ್ತದೆ. ಅನುಮತಿ ಕೇಳದೆ ಅನ್ನುವಲ್ಲಿಗೇ ನಿಂತ. ಬೇರೆಯವರೂ ಕೇಳಿದ್ದಾರೆ, ಕ್ಷಮಿಸಿ ಅಂತ ಎರಡು ಸಾಲು ಕಳಿಸಿದ.

ಸುದ್ದಿ ತಿಳಿದು ಲೋಸಾ ಫೋನ್ ಮಾಡಿದಳು. "ಈ ಮನೆ ಇನ್ನೂ ಯಾರ ಹೆಸರಿಗೂ ಆಗಿಲ್ಲ. ನೋಟೀಸು ಹಿಂದಕ್ಕೆ ತಗೊಳ್ತೀವಿ ಅಂದರೆ ನಮ್ಮ ಆಫೀಸು ಒಪ್ಪುತ್ತೆ, ನಾನು ಕೇಳಿದ್ದೀನಿ. ಸೋಮವಾರದೊಳಗೆ ಹೇಳಿ."

ಅಡಿಗೆಮನೆಯಲ್ಲಿ ಪೆಟ್ಟಿಗೆಗಳ ಮೇಲೆ ಕೂತಿದ್ದೆವು. ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ನಾನು ಹಸೀನಾಳಿಗೆ ಹೇಳಿದೆ, "ನೀ ಹೆಂಗ ಅಂತೀ ಹಂಗ. ನಂದು ಮಾತು ಮುಗದೈತಿ." ಅವಳು ಉಳಿಯೋಣ ಅನ್ನುತ್ತಾಳೆ ಅಂತ ನನಗೆ ಖಾತ್ರಿ ಇತ್ತು. ಹಾಗೆ ಅಂದಿದ್ದರೆ ಉಳಿಯುತ್ತಿದ್ದೆ, ಒಂದು ಮಾತೂ ಆಡುತ್ತಿರಲಿಲ್ಲ. ಮಕ್ಕಳ ಶಾಲೆ ಇತ್ತು, ಚಳಿ ಇತ್ತು, ನನ್ನ ಬೆನ್ನು ಇತ್ತು.

ಅವಳು ಹಿತ್ತಲ ಬಾಗಿಲು ತೆರೆದು ತನ್ನ ಮೆಂತ್ಯದ ಮಡಿ ನೋಡಿದಳು. ಆಮೇಲೆ ಬಾಗಿಲು ಹಾಕಿದಳು.

"ಮನಸ್ಸಿನಾಗ ನೀವು ಎಂದೋ ಬಿಟ್ಟೀರಿ," ಅಂದಳು. "ಈಗ ಉಳದ್ರ ದಿನಾ ಆ ತುಂಡು ನೋಡಕೋತ ಕುಂದ್ರತೀರಿ, ಬಂದಬಂದವರಿಗೆ ತೋರಸ್ತೀರಿ. ನನಗ ಆಗಂಗಿಲ್ಲ ಅದು. ಮತ್ತ ಆ ಸಿಯೋನೆ ಮಗಳದು ಹೇಳಿದ್ರೆಲ್ಲ, ಮೋಟೆಲ್ಲಿನಾಗ ನಿಂತು ಲೆಕ್ಕ ಮಾಡ್ತಾಳಂತ. ನಡ್ರಿ, ಹೋಗೂಣು."

"ಎಲ್ಲಿಗೆ?"

"ಬಾಯಿ ಬಿಡಬ್ಯಾಡ್ರಿ ಅಂದವರ ಮನಿಗೆ. ಅವರ ಮಾತು ಕೇಳಲಿಲ್ಲ, ಅನ್ನರ ಉಣ್ಣೂಣು."

ವೆಲ್ಲಿಂಗ್ಟನ್ ಗುಡ್ಡದ ಮೇಲೆ ಪ್ರಕಾಶ್ ಸರ್ ಮನೆಯ ಕೆಳಗೆ ಒಂದು ಕೋಣೆ ಖಾಲಿ ಇತ್ತು. ಸಿಯೋನೆ ತನ್ನ ಅಕ್ಕನ ಮಗನ ಟ್ರೇಲರ್ ತಂದು ಸಾಮಾನು ಹೇರಿದ. ಗಾದಿಯ ಒಂದು ತುದಿ ಎತ್ತಿದವನು, "ಒಳಗೆ ಹೆಣ ಇದೆಯಾ?" ಅಂದ. ಕಡೆಯ ಸಲ ಕೀಲಿ ತಿರುಗಿಸಿ, ಲೋಸಾಳ ಕೈಗೆ ಕೊಟ್ಟೆ. ಹೊಕ್ಕಾಗ ತಗ್ಗಿದ್ದ ತಲೆ ಹೊರಡುವಾಗ ಎತ್ತಿಕೊಂಡೇ ಬಂದೆ ಅಂತ ಬರೆಯಬೇಕು ಅನ್ನಿಸುತ್ತದೆ. ಆದರೆ ನಿಜ ಅಂದರೆ ಟ್ರೇಲರಿನ ಹಗ್ಗ ಬಿಗಿದಿದೆಯೋ ಇಲ್ಲವೋ ಅಂತ ನೋಡುತ್ತ ಬಂದೆ. ಹಿಂದಿನ ಸೀಟಿನಲ್ಲಿ ಮುಬೀನಾ ಸದ್ದಿಲ್ಲದೆ ಅಳುತ್ತಿದ್ದಳು. ಹಸೀನಾ ಮಡಿಲಲ್ಲಿ ಬೇರು ಸಮೇತ ಕಿತ್ತ ಬಳ್ಳೊಳ್ಳಿ ಇಟ್ಟುಕೊಂಡಿದ್ದಳು.

"ಧರ್ಮಾತ್ಮರು ಬಂದ್ರು, ದಾರಿ ಬಿಡಿ!" ಅಂತ ಪ್ರಕಾಶ್ ಸರ್ ಬಾಗಿಲಲ್ಲೇ ಕೂಗಿದರು. ಏಳು ವಾರ ಅವರ ಮನೆಯಲ್ಲಿದ್ದೆವು. ಏಳು ವಾರವೂ ದಿನಕ್ಕೊಮ್ಮೆ ಈ ಮಾತು ಅಂದರು. ಕೆಳಗಿನ ಕೋಣೆಯಲ್ಲಿ ನಾಲ್ವರೂ ಒಬ್ಬರ ಪಕ್ಕ ಒಬ್ಬರು ಮಲಗಿ ಗಾಳಿಯ ಸದ್ದು ಕೇಳುತ್ತಿದ್ದೆವು. ಮಕ್ಕಳು ಎರಡು ರೈಲು ಬದಲಿಸಿ ಶಾಲೆಗೆ ಹೋದರು. ಅದೇ ಪತ್ರ ತೋರಿಸಿ ಐದು ಮನೆ ಕೇಳಿದೆ. ಐದೂ ಕಡೆ ಇಲ್ಲ ಅಂದರು. ಕಾರ್ಪೆಟ್ಟಿನ ಮಾತಿಲ್ಲದ ಇನ್ನೊಂದು ಪತ್ರ ಬೇಡಿ ತರಬಹುದಿತ್ತು, ಲೋಸಾ ಕೊಡುತ್ತಿದ್ದಳೋ ಏನೋ. ಕೇಳಲಿಲ್ಲ.

ಆರನೆಯವರು ಒಬ್ಬ ಮುದುಕರು, ನಿವೃತ್ತ ಪ್ಲಂಬರ್, ಲೋವರ್ ಹಟ್‌ನಲ್ಲೇ ಗುಡ್ಡದ ಮಗ್ಗುಲಿಗೆ ಮನೆ. ಪತ್ರವನ್ನು ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿದರು. ಮಡಚಿ ನನ್ನ ಕೈಗೆ ಕೊಟ್ಟರು. "ಮಳೆಯಲ್ಲಿ ಮೆಟ್ಟಿಲು ಜಾರುತ್ತವೆ, ಹುಷಾರು," ಅಂದು ಕೀಲಿ ತರಲು ಒಳಗೆ ಹೋದರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬಾಡಿಗೆ ಮನೆ ಒಂದು, ಎರಡು ಕೋಣೆಯದು. ವ್ಯಾನು ಒಂದು. ಹೊಲಿಗೆ ಯಂತ್ರ ಎರಡು. ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು. ಊಟಕ್ಕೆ ಕರೆಯದೆ ಬರುವ ಗೆಳೆಯರು ಇಬ್ಬರು. ಮನೆ ಮಾಲೀಕರಿಗೆ ಗೊತ್ತಿರುವ ನನ್ನ ತಪ್ಪು ಒಂದು. ಗೊತ್ತಿಲ್ಲದ್ದು ಒಂದೂ ಇಲ್ಲ.